ಪಾಳಿಯ ದಿನದ ಗುಳಿಗೆ

ಮರಿಲಿಂಗಮ್ಮನ ಕೈಗೆ ಏನೋ ಆಗಿದೆ ಎಂಬುದು ಮೊದಲು ತಿಳಿದದ್ದು ಸೆರಗಿನ ಗಂಟಿನಿಂದ. ಹಿಂದಿನ ದಿನ ತಾನೇ ಎಲೆ ಅಡಿಕೆ ಇಟ್ಟು ಕಟ್ಟಿದ ಗಂಟು ಅದು. ಬೆಳಗ್ಗೆ ಎದ್ದು ಬಿಚ್ಚಲು ಹೋದರೆ ಬೆರಳುಗಳು ಮಾತು ಕೇಳಲಿಲ್ಲ. ಎರಡು ಸಲ ಜಾರಿದವು, ಮೂರನೆಯ ಸಲ ಮಣಿಕಟ್ಟಿನಿಂದ ಮೊಳಕೈವರೆಗೆ ಚುಳುಕ್ಕೆಂದಿತು. ಕೊನೆಗೆ ಹಲ್ಲು ಹಾಕಿ ಬಿಚ್ಚಿದಳು.

ಗಂಡ ಹುಲಗಪ್ಪ ನೋಡಿ ನಕ್ಕ. "ಏನಬೇ, ನಾಯಿ ಎಲುಬು ಕಡದಂಗ ಕಡಿಯಾಕತ್ತಿಯಲ್ಲ?"

"ನಿನ್ನ ಎಲುಬು ಅನಕೊಂಡು ಕಡಿಯಾಕತ್ತೀನಿ," ಅಂದಳು.

ನಗುವ ಮಾತು ಅಷ್ಟಕ್ಕೇ ಮುಗಿಯಿತು. ಹದಿನೈದು ದಿನದಲ್ಲಿ ಎರಡೂ ಕೈಯ ಗಿಣ್ಣುಗಳು ಹುಣಸೆ ಬೀಜದಂತೆ ಉಬ್ಬಿ ಮಿರಿಮಿರಿ ಮಿಂಚತೊಡಗಿದವು. ಬೆಳಗ್ಗೆ ಹೊತ್ತು ಮಾರುದ್ದ ಏರುವವರೆಗೆ ಚೊಂಬು ಹಿಡಿಯಲಾಗದು. ಹೊತ್ತೇರಿದ ಮೇಲೆ ಬೆರಳು ಅಷ್ಟಿಷ್ಟು ಬಿಡುತ್ತಿದ್ದವು. ಓಣಿಯಲ್ಲಿ ಯಾರ ಮನೆಯ ರೊಟ್ಟಿ ಬಡಿಯುವ ಸಪ್ಪಳ ಯಾವುದು ಎಂದು ಎಲ್ಲರಿಗೂ ಗೊತ್ತು. ಮರಿಲಿಂಗಮ್ಮನದು ಜೋರು, ಬೇಗಬೇಗ. ಆ ಬೇಸಿಗೆಯಲ್ಲಿ ಅದು ನಿಂತುಹೋಯಿತು. ಒಂದೇ ಅಂಗೈಯಿಂದ ಒತ್ತಿ ಒತ್ತಿ ಮಾಡಿದ ದಪ್ಪ ರೊಟ್ಟಿಯನ್ನು ಹುಲಗಪ್ಪ ಏನೂ ಅನ್ನದೆ ತಿನ್ನುತ್ತಿದ್ದ. ಅವನು ಏನೂ ಅನ್ನದಿದ್ದದ್ದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

ಅವರ ಊರು ಹುಣಸಗಿಯಿಂದಾಚೆ, ಕಾಲುವೆಯ ಕೊನೆಯ ಬಾಲದಲ್ಲಿ. ನಾರಾಯಣಪುರದಲ್ಲಿ ಬಿಟ್ಟ ನೀರು ಎಲ್ಲರ ಹೊಲ ಕುಡಿದು, ಉಳಿದದ್ದು ಇಲ್ಲಿಗೆ ಬರಬೇಕು. ಆದ್ದರಿಂದ ಇಲ್ಲಿ ಪಾಳಿ ಬಹಳ ಬಿಗಿ. ಒಂದು ತೂಬಿನ ಕೆಳಗೆ ಆರು ಮನೆಯ ಹೊಲ, ಒಬ್ಬೊಬ್ಬರಿಗೆ ವಾರದಲ್ಲಿ ಒಂದು ದಿನ. ಮರಿಲಿಂಗಮ್ಮನದು ಬುಧವಾರ. ಬದುವಿನ ಆಚೆ ಮಕ್ತುಂಬಿಯ ಹೊಲ, ಅವರದು ಶನಿವಾರ. ಪಾಳಿಯ ದಿನ ಹುಲಗಪ್ಪ ಸಲಿಕೆ ಹಿಡಿದು ಮೇಲೆ ತೂಬಿನ ಹತ್ತಿರ ಕೂರುತ್ತಿದ್ದ, ಯಾರೂ ನೀರು ಒಡೆದುಕೊಳ್ಳದಂತೆ. ಕೆಳಗೆ ಮಡಿಯಿಂದ ಮಡಿಗೆ ಕೆಸರು ತೆಗೆದು ನೀರು ಹಾಯಿಸುವುದು ಮರಿಲಿಂಗಮ್ಮನ ಕೆಲಸ. ಹಗಲೆಲ್ಲ ಮೊಣಕಾಲುದ್ದ ನೀರಲ್ಲಿ ನಿಂತಿರಬೇಕು. ಕೈ ಹೋದರೆ ಹೊಲ ಹೋಯಿತು. ಆಳಿಟ್ಟು ನೀರು ಹಾಯಿಸುವಷ್ಟು ದೊಡ್ಡ ಹೊಲ ಅದಲ್ಲ.

ತಿಂಗಳಿಗೊಮ್ಮೆ ಶಹಾಪುರಕ್ಕೆ ಕೀಲಿನ ಡಾಕ್ಟರೊಬ್ಬರು ಬರುತ್ತಿದ್ದರು. ಅವರು ರಕ್ತ ತೆಗೆಸಿ, ಕೈಯ ಫೋಟೋ ತೆಗೆಸಿ ನೋಡಿ, ಇದು ಬರೀ ವಾಯುವಲ್ಲ, ವಯಸ್ಸಿನದೂ ಅಲ್ಲ, ಮೈಯೊಳಗಿನ ಶಕ್ತಿಯೇ ತಿರುಗಿ ಬಿದ್ದು ಕೀಲು ತಿನ್ನುವ ಸಂಧಿವಾತ ಎಂದರು. ಹಾಗೇ ಬಿಟ್ಟರೆ ಎರಡು ವರ್ಷದಲ್ಲಿ ಬೆರಳು ಸೊಟ್ಟಗಾಗಿ ನಿಲ್ಲುತ್ತವೆ ಎಂದೂ ಹೇಳಿದರು.

"ಗುಳಿಗಿ ಕೊಡತೀನಿ. ಜೋರ ಗುಳಿಗಿ ಇದು. ವಾರದಾಗ ಒಂದೇ ದಿನ, ನಾಕು ಗುಳಿಗಿ ಕೂಡಿಸಿ ನುಂಗಬೇಕು. ಬ್ಯಾರೆ ದಿನ ಮುಟ್ಟಬಾರದು. ಯಾವ ದಿನ ನಿಮಗ ನೆನಪಿರತೈತಿ ಹೇಳ್ರಿ?"

"ಪಾಳಿ ದಿನ ನೆನಪಿರತೈತ್ರೀ. ಬುಧವಾರ ನಮಗ ನೀರು. ಅದನ್ನ ಸತ್ರೂ ಮರಿಯಂಗಿಲ್ಲ."

ಡಾಕ್ಟರು ನಕ್ಕರು. "ಛಲೋ ಆತು. ಪಾಳಿ ದಿನ ತಗೋರಿ. ಮರುದಿನ ಈ ಇನ್ನೊಂದು ತಾಕತ್ತಿನ ಗುಳಿಗಿ. ಆಮ್ಯಾಗ ಕೇಳ್ರಿ, ಬಾಯಾಗ ಹುಣ್ಣಾದ್ರ, ಜ್ವರ ಬಂದ್ರ, ಮೈಮ್ಯಾಲೆ ಕಲೆ ಎದ್ರ, ಗುಳಿಗಿ ನಿಂದ್ರಿಸಿ ಓಡಿ ಬರಬೇಕು. ತಿಂಗಳಿಗೊಮ್ಮಿ ರಕ್ತ ತೋರಸಬೇಕು."

"ಹೂನ್ರಿ," ಎಂದಳು ಮರಿಲಿಂಗಮ್ಮ. ಓದು ಬಾರದವರು ಮಾತನ್ನು ಗಂಟು ಕಟ್ಟಿ ಒಯ್ಯುತ್ತಾರೆ. ಶಹಾಪುರದಿಂದ ಸುರಪುರ, ಸುರಪುರದಿಂದ ಹುಣಸಗಿ, ಹುಣಸಗಿಯಿಂದ ಊರು. ಮೂರು ಬಸ್ಸು ಇಳಿದು ಹತ್ತುವಷ್ಟರಲ್ಲಿ ಗಂಟಿನಿಂದ ಏನೇನೋ ಉದುರಿತು. ವಾರ ಎಂಬ ಮಾತು ಬಂದ ದಿನ ಬಾಯಲ್ಲಿತ್ತು, ಆಮೇಲೆ ಅದೂ ಉದುರಿತು. ಪಾಳಿಯ ದಿನ ಎಂಬ ಮಾತು ಗಟ್ಟಿಯಾಗಿ ಉಳಿಯಿತು.

ಮೊದಲ ಬುಧವಾರ ನಾಲ್ಕು ಹಳದಿ ಗುಳಿಗೆ ನುಂಗಿದಳು. ಗುರುವಾರ ಹಗಲೆಲ್ಲ ಹೊಟ್ಟೆ ತೊಳಸಿತು. ಒಗ್ಗರಣೆಯ ವಾಸನೆ ಬಂದರೆ ಸಾಕು, ಹಿತ್ತಲಿಗೆ ಓಡುವಳು. ನಾಟಿ ಹಚ್ಚುವ ಹೆಂಗಸರ ಗುಂಪಿನಲ್ಲಿ ಲಾಲಮ್ಮನಿಗೆ ಬಾಯಿ ದೊಡ್ಡದು.

"ಯವ್ವಾ, ಈ ವಯಸ್ಸಿನಾಗ ಹುಳಿ ಬೇಡಾಕತ್ತಿ ಏನು? ಹುಲಗಪ್ಪ ಮಾವಗ ಪೇಡೆ ತರಾಕ ಹೇಳ್ಲೇನು?"

"ನಿನ್ನ ಬಾಯಾಗ ಸಸಿ ಹಚ್ಚಲಿ!" ಎಂದು ಮರಿಲಿಂಗಮ್ಮನೂ ನಕ್ಕಳು. ನಕ್ಕ ರಭಸಕ್ಕೆ ಮತ್ತೆ ವಾಂತಿ ಬಂತು.

ಹಾಗೆಂದು ಬಿಟ್ಟುಕೊಡುವವಳಲ್ಲ. ಎರಡು ಮೂರು ವಾರದಲ್ಲಿ ಆ ಗುಳಿಗೆಯ ಜೊತೆ ಬಾಳುವ ರೀತಿಯನ್ನು ತಾನೇ ಹುಡುಕಿಕೊಂಡಳು. ಹಸಿದ ಹೊಟ್ಟೆಗೆ ನುಂಗಬಾರದು, ಮಧ್ಯಾಹ್ನದ ಊಟವಾದ ಮೇಲೆ. ಮರುದಿನ ಖಾರ ಬೇಡ, ತಂಪಾದ ಜೋಳದ ಅಂಬಲಿ, ಮಜ್ಜಿಗೆ. ಗುರುವಾರಕ್ಕೆ ಕೂತು ಮಾಡುವ ಕೆಲಸ ಇಟ್ಟುಕೊಳ್ಳಬೇಕು. ತಲೆ ಬಾಚಿದರೆ ಹಣಿಗೆಯಲ್ಲಿ ಕೂದಲ ಉಂಡೆ ಬರುತ್ತಿತ್ತು, ಅದನ್ನು ಯಾರಿಗೂ ತೋರಿಸದೆ ಒಲೆಗೆ ಹಾಕುವಳು. ತಾಕತ್ತಿನ ಗುಳಿಗೆಯನ್ನು ಮಾತ್ರ, ಗಂಡನೂ ಸುಸ್ತು ಸುಸ್ತು ಎನ್ನುತ್ತಿದ್ದನಲ್ಲ, ಅವನಿಗೆ ಕೊಟ್ಟಳು. ಒಬ್ಬಳೇ ತಾಕತ್ತು ತಿಂದು ಏನು ಮಾಡುವುದು? ಆ ಗುಳಿಗೆ ಇನ್ನೊಂದರ ವಿಷ ಮುರಿಯಲಿಕ್ಕೆ ಇರುವುದು ಎಂದು ಅವಳಿಗೆ ಯಾರು ಹೇಳಬೇಕು? ಡಾಕ್ಟರು ಹೇಳಿದ್ದರೂ ಹೇಳಿರಬಹುದು.

ಎರಡು ತಿಂಗಳು ಹೀಗೇ ನಡೆಯಿತು. ನೋವು ತುಸು ತಗ್ಗಿತು, ಪೂರ್ತಿ ಹೋಗಲಿಲ್ಲ.

ಆಗ ಮಕ್ತುಂಬಿಯ ಗಂಡ ನಬಿಸಾಬ ಹುಣಸಗಿಯ ಸಂತೆಯಲ್ಲಿ ಎದೆ ಹಿಡಿದುಕೊಂಡು ಬಿದ್ದವನು ಏಳಲಿಲ್ಲ. ಮಣ್ಣು ಮುಗಿದ ಮೇಲೆ ಮಕ್ತುಂಬಿ ಇದ್ದತ್ತಿಗೆ ಕೂತಳು. ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ, ಹೊರಗಿನ ಗಂಡಸರಿಗೆ ಮುಖ ತೋರಿಸುವಂತಿಲ್ಲ. ಮಕ್ಕಳಿಲ್ಲದ ಮನೆ. ಅವರ ಹೊಲ ಆ ಸಲ ನೋಡುವವರಿಲ್ಲದೆ ಬೀಳು ಬಿತ್ತು. ಆ ತೂಬಿನವರಲ್ಲಿ ಒಂದು ರೂಢಿಯುಂಟು. ಸಾವಾದ ಮನೆಯ ಪಾಳಿ ಬದುವಿನ ಪಕ್ಕದವರಿಗೆ ಸೇರಬೇಕು, ನೀರು ವ್ಯರ್ಥ ಹಳ್ಳಕ್ಕೆ ಹೋಗಬಾರದು. ಹೀಗೆ ಶನಿವಾರದ ನೀರೂ ಮರಿಲಿಂಗಮ್ಮನ ಹೊಲಕ್ಕೆ ಬಂತು. ಕಾಲುವೆಯ ಬಾಲದಲ್ಲಿ ವಾರಕ್ಕೆ ಎರಡು ಪಾಳಿ! ಸತ್ತವನ ನೀರು ಎಂದು ಮನಸ್ಸಿಗೆ ಕಸಿವಿಸಿಯಾದರೂ, ಬತ್ತ ಕಡುಹಸಿರಿಗೆ ತಿರುಗಿ ಎದ್ದು ನಿಂತದ್ದು ನೋಡಿ ಕಣ್ಣು ತಂಪಾಯಿತು.

ಮೊದಲ ಶನಿವಾರ ಅವಳು ನೀರಿಗಿಳಿಯುವ ಮುಂಚೆ ಗಂಡನನ್ನು ಕೇಳಿದಳು.

"ಇವತ್ತೂ ಗುಳಿಗಿ ನುಂಗೂದೇನು?"

"ಡಾಕ್ಟರ ಏನಂದಾರ?"

"ಪಾಳಿ ದಿನ ತಗೋ ಅಂದಾರ."

"ಮತ್ತ ಕೇಳೂದೇನೈತಿ? ನೀರಾಗ ನಿಂತ್ರ ಕೀಲು ಹಿಡೀತಾವ, ಅದಕ್ಕ ಹೇಳ್ಯಾರ. ಇವತ್ತೇನು ಒಣ ನೆಲದಾಗ ನಿಂದರತೀಯೇನು?"

ಮಾತು ಸರಿಯೆನಿಸಿತು. ಅಷ್ಟೇ ಅಲ್ಲ, ಅವಳಿಗೂ ಒಳಗೊಳಗೆ ಹಾಗೇ ಅನಿಸಿತ್ತು. ಮಧ್ಯಾಹ್ನ ಬದುವಿನ ಮೇಲೆ ಬುತ್ತಿ ಉಂಡು ನಾಲ್ಕು ಗುಳಿಗೆ ನುಂಗಿ ನೀರು ಕುಡಿದಳು. ಅವಳ ಸಾವು ಅಂದಿನಿಂದ ವಾರಕ್ಕೆ ಎರಡು ಹೆಜ್ಜೆಯಂತೆ ಅವಳ ಕಡೆ ನಡೆಯತೊಡಗಿತು. ಮನೆಯಲ್ಲಿ ಯಾರಿಗೂ ಅದರ ಸಪ್ಪಳ ಕೇಳಲಿಲ್ಲ. ಗುಳಿಗೆ ಬೇಗ ತೀರಿದಾಗ ಹುಲಗಪ್ಪ ಹಳೆಯ ಚೀಟಿ ತೋರಿಸಿ ಮತ್ತಷ್ಟು ತಂದ.

ಮೊದಲು ಬಂದದ್ದು ಸುಖವೇ. ಮೂರನೆಯ ವಾರ ಒಂದು ಬೆಳಗ್ಗೆ ಎದ್ದು ಮುಷ್ಟಿ ಕಟ್ಟಿ ನೋಡಿದಳು, ಕಟ್ಟಿತು! ಐದೂ ಬೆರಳು ಅಂಗೈಗೆ ತಾಗಿದವು. ಬಿಚ್ಚಿದಳು, ಮತ್ತೆ ಕಟ್ಟಿದಳು. ಆವತ್ತು ಅವಳ ರೊಟ್ಟಿಯ ಸಪ್ಪಳ ಓಣಿಗೆಲ್ಲ ಕೇಳಿತು. ಲಾಲಮ್ಮ ದಾರಿಯಲ್ಲೇ ನಿಂತು, "ಯಕ್ಕಾ, ಕೈ ಬಂತೇನು?" ಎಂದು ಕೂಗಿದಳು.

"ಬಂತು! ನಿನ್ನ ಬೆನ್ನು ತಾ, ತೋರಸ್ತೀನಿ," ಎಂದು ಒಳಗಿನಿಂದ ಮರಿಲಿಂಗಮ್ಮ ಕೂಗಿದಳು.

ಅದೇ ವಾರ ಕೆಳತುಟಿಯ ಒಳಗೆ ಅಕ್ಕಿಕಾಳಿನಷ್ಟು ಒಂದು ಹುಣ್ಣು ಎದ್ದಿತು. ಮೆಣಸಿನಕಾಯಿ ಹಿಂಡಿಯ ಖಾರ ಎಂದುಕೊಂಡಳು. ಮುಂದಿನ ವಾರ ಅದು ನಾಲ್ಕಾಯಿತು. ಉಷ್ಣ ಎಂದಳು ಲಾಲಮ್ಮ, ಮೆಂತ್ಯ ನೆನೆಸಿ ಕುಡಿಯಲು ಹೇಳಿದಳು. ಡಾಕ್ಟರ ಮಾತು ನೆನಪಾಗದೆ ಇರಲಿಲ್ಲ. ಆದರೆ ಹುಣ್ಣು ಅಂದರೆ ಕೀವು ತುಂಬಿದ ದೊಡ್ಡ ಹುಣ್ಣು ಎಂದು ಅವಳು ತಿಳಿದಿದ್ದಳು. ರಕ್ತ ತೋರಿಸುವ ದಿನ ಮತ್ತೆ ಬಂತು, ಹೊಲದ ಕೆಲಸ ಹೆಚ್ಚುವ ದಿನಗಳೂ ಆಗಲೇ ಬಂದವು. ಮುಂದಿನ ತಿಂಗಳು ಹೋದರಾಯಿತು ಎಂದು ಬಿಟ್ಟಳು. ಕೈ ನೆಟ್ಟಗಾದ ಮೇಲೆ ಕೈಯ ಡಾಕ್ಟರ ಹತ್ತಿರ ಓಡುವುದು ಯಾಕೆ?

ಐದನೆಯ ವಾರ ಹಲ್ಲುಜ್ಜಿದರೆ ಬೇವಿನ ಕಡ್ಡಿ ಕೆಂಪಾಗುತ್ತಿತ್ತು. ತೊಡೆಯ ಮೇಲೆ, ಮೊಳಕೈ ಮೇಲೆ ನೇರಳೆ ಹಣ್ಣು ಹಿಚುಕಿದಂಥ ಕಲೆಗಳೆದ್ದವು. ಸಲಿಕೆಯ ಹಿಡಿ ತಾಗಿರಬೇಕು ಎಂದುಕೊಂಡಳು. ಬಾವಿಯ ಕಟ್ಟೆಗೆ ಹತ್ತಲು ನಡುವೆ ಒಮ್ಮೆ ಕೂರಬೇಕಾಯಿತು. ಎಲ್ಲದಕ್ಕೂ ಒಂದೊಂದು ಕಾರಣ ಸಿಗುತ್ತಿತ್ತು. ಎಲ್ಲ ಕಾರಣಗಳೂ ಸುಳ್ಳು. ಹೊಟ್ಟೆ ತೊಳಸುವುದನ್ನು ತಾಳಿಕೊಂಡಿದ್ದಳು, ಕೂದಲು ಹೋಗುವುದನ್ನು ತಾಳಿಕೊಂಡಿದ್ದಳು, ಇದನ್ನೂ ತಾಳಿಕೊಂಡಳು. ಹುಟ್ಟಿದಾಗಿನಿಂದ ಅವಳನ್ನು ಎಲ್ಲರೂ ಹೊಗಳಿದ್ದು ತಾಳಿಕೆಗೆ. ಅವಳು ಯಾವ ನೋವಿಗೂ ಬಾಯಿ ಬಿಡುವವಳಲ್ಲ ಎಂದು ಅತ್ತೆ ಊರೆಲ್ಲ ಹೇಳಿಕೊಂಡು ತಿರುಗಿದ್ದಳು.

ಆರನೆಯ ಶನಿವಾರ ನೀರಲ್ಲಿ ನಿಂತಾಗ ಮೈ ಗಡಗಡ ನಡುಗಿತು. ಬಿಸಿಲು ಸುಡುತ್ತಿತ್ತು, ಅವಳ ಹಲ್ಲು ಕಟಕಟ ಎನ್ನುತ್ತಿದ್ದವು. ಗುಳಿಗೆಯ ಪಟ್ಟಿ ಸೆರಗಿನಲ್ಲಿತ್ತು. ಬುತ್ತಿ ತಿನ್ನಲು ಆಗಲಿಲ್ಲ, ರೊಟ್ಟಿ ತಾಗಿದರೆ ಬಾಯಿ ಧಗಧಗ ಉರಿಯುತ್ತಿತ್ತು. ಮನೆಗೆ ಹೋಗಿ ಅಂಬಲಿ ಕುಡಿದು ನುಂಗೋಣ ಎಂದುಕೊಂಡು ಹೊರಟಳು. ದಾರಿಯಲ್ಲಿ ಮಕ್ತುಂಬಿಯ ಮನೆ. ಪಾಳಿಯ ದಿನ ಅವಳಿಗೆ ಒಂದು ಹಿಡಿ ಪುಂಡಿಪಲ್ಯ ಕೊಟ್ಟು ಹೋಗುವುದು ರೂಢಿಯಾಗಿತ್ತು.

ಮಕ್ತುಂಬಿ ಪಡಸಾಲೆಯಲ್ಲಿ ಕೂತು ಖರ್ಜೂರದ ಬೀಜಗಳನ್ನು ಎಣಿಸಿ ಡಬ್ಬಿಗೆ ಹಾಕುತ್ತಿದ್ದಳು. ಇದ್ದತ್ತಿನ ದಿನಕ್ಕೊಂದು ಬೀಜ. "ಬಾ ಯಕ್ಕಾ. ನಲವತ್ತಮೂರು ಆತು ಇವತ್ತಿಗೆ," ಎಂದು ತಲೆಯೆತ್ತಿದವಳು ಎದ್ದು ನಿಂತಳು. "ಯಾ ಅಲ್ಲಾ! ಮಾರಿ ಏನಾಗೈತಿ? ಬಿಳಿ ಗ್ವಾಡಿ ಆಗೈತಲ್ಲ!"

"ಚಳಿಜ್ವರ ಅನಸ್ತೈತಿ. ಒಂದೀಟು ನೀರು ಕೊಡು, ಗುಳಿಗಿ ನುಂಗತೀನಿ."

"ಜ್ವರದ್ದೇನು?"

"ಅಲ್ಲ, ಕೈದ್ದು. ಇವತ್ತು ಪಾಳಿ ಅಲ್ಲೇನು? ಪಾಳಿ ದಿನ ನುಂಗಬೇಕು."

ಮಕ್ತುಂಬಿ ಚೊಂಬು ಎತ್ತಿದವಳು ಕೊಡಲಿಲ್ಲ. "ನಿನ್ನ ಪಾಳಿ ಬುಧವಾರ."

"ಬುಧವಾರನೂ ನುಂಗೀನಿ."

"ಶನಿವಾರ ನಂದು. ನನ್ನ ಪಾಳಿದಾಗ ನೀ ಯಾಕ ಗುಳಿಗಿ ನುಂಗತಿ?"

"ನೀರಾಗ ನಾನ ನಿಂದರತೀನಲ್ಲ, ನೀ ನಿಂದರತಿಯೇನು?" ಮರಿಲಿಂಗಮ್ಮ ನಗಲು ಹೋದಳು. ತುಟಿ ಸೀಳಿ ರಕ್ತ ಬಂತು.

"ಬಾಯಿ ತೆಗಿ." ಮಕ್ತುಂಬಿ ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ನಾಲಿಗೆಯ ಮೇಲೆ, ಕೆನ್ನೆಯ ಒಳಗೆ, ಗಂಟಲವರೆಗೆ ಬಿಳಿ ಬಿಳಿ ಹುಣ್ಣು. ದಿನ ಲೆಕ್ಕ ಹಿಡಿಯುವುದೇ ಕೆಲಸವಾಗಿ ಕೂತಿದ್ದವಳು ಅವಳು. "ವಾರಕ್ಕ ಒಮ್ಮೆ ಅಂತ ನೀನ ಹೇಳಿದ್ದೆಲ್ಲ ನನಗ, ಶಹಾಪುರದಿಂದ ಬಂದ ದಿನ! ವಾರಕ್ಕ ಒಮ್ಮೆ, ಜೋರ ಗುಳಿಗಿ ಅಂತ! ಎಷ್ಟ ವಾರ ಆತು ಹಿಂಗ?"

ಉದುರಿಹೋದ ಮಾತು ಇನ್ನೊಬ್ಬರ ಬಾಯಿಂದ ವಾಪಸು ಬಂತು. ಮರಿಲಿಂಗಮ್ಮ ಗೋಡೆ ಹಿಡಿದು ಕುಸಿದು ಕೂತಳು.

ಹುಲಗಪ್ಪ ತೂಬಿನ ಹತ್ತಿರ, ಎರಡು ಮೈಲಿ ದೂರ. ಓಣಿಯಲ್ಲಿ ಟಂಟಂ ಗಾಡಿ ಇದ್ದದ್ದು ಶರೀಫಸಾಬನದೊಂದೇ. ಮಕ್ತುಂಬಿ ಬಾಗಿಲವರೆಗೆ ಹೋದಳು, ತಿರುಗಿ ಬಂದಳು, ಮತ್ತೆ ಹೋದಳು. ಆಮೇಲೆ ಬುರ್ಖಾ ಎಳೆದುಕೊಂಡು ಹೊಸ್ತಿಲು ದಾಟಿ ಓಣಿಗೆ ಇಳಿದು ಕೂಗಿದಳು.

ಶರೀಫಸಾಬ ಗಾಬರಿಯಾಗಿ ಮುಖ ಆಚೆ ತಿರುಗಿಸಿದ. "ಭಾಭಿ, ನೀವು ಹೊರಗ! ಇದ್ದತ್ತಿನಾಗ..."

"ಇದ್ದತ್ತು ನಂದು, ಜವಾಬು ನಾ ಕೊಡತೀನಿ. ಗಾಡಿ ತೆಗಿ ಜಲ್ದಿ. ಅಕ್ಕ ಸಾಯಾಕತ್ಯಾಳ."

ಆ ಮಾತನ್ನು ಮರಿಲಿಂಗಮ್ಮ ಒಳಗಿನಿಂದ ಕೇಳಿದಳು. ಯಾರನ್ನೋ ಕುರಿತು ಹೇಳಿದಂತೆ ಕೇಳಿಸಿತು.

ಶರೀಫಸಾಬ ತೂಬಿನ ಹತ್ತಿರ ಹುಲಗಪ್ಪನನ್ನೂ ಗಾಡಿಗೆ ಹತ್ತಿಸಿಕೊಂಡ. ಹುಣಸಗಿಯಲ್ಲಿ ನೋಡಿದವರು ಸುರಪುರಕ್ಕೆ ಕಳಿಸಿದರು, ಸುರಪುರದವರು ಕಲಬುರಗಿಗೆ. ಮಕ್ತುಂಬಿ ಗುಳಿಗೆಯ ಪಟ್ಟಿಯನ್ನು ಶರೀಫಸಾಬನ ಕೈಗೆ ಕೊಟ್ಟು, ಮೊದಲು ಇದನ್ನು ತೋರಿಸು ಎಂದು ಹೇಳಿದ್ದಳು. ಅದೇ ಒಳ್ಳೆಯದಾಯಿತು. ಕಲಬುರಗಿಯ ಡಾಕ್ಟರು ಪಟ್ಟಿ ನೋಡಿ, ರಕ್ತ ನೋಡಿ, ಹುಲಗಪ್ಪನನ್ನು ಹೊರಗೆ ಕರೆದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

"ರೋಗದ ಜೋಡಿ ಹೊಡದಾಡೂ ಕಣನ ಉಳಿದಿಲ್ಲ ರಕ್ತದಾಗ. ಗುಳಿಗಿ ಎಲ್ಲಾ ತಿಂದು ಹಾಕೇತಿ. ಅದರ ವಿಷ ಮುರಿಯೂ ಔಷಧ ಚಾಲೂ ಮಾಡೀವಿ. ನಾಕೈದು ದಿನ ಏನೂ ಹೇಳಾಕ ಬರಂಗಿಲ್ಲ."

ಹುಲಗಪ್ಪ ಒಳಗೆ ಬಂದು ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತ. "ನಾನ ಹೇಳಿದ್ದು ನುಂಗು ಅಂತ. ನಾನ," ಎಂದ. ಮತ್ತೆ ಅದನ್ನೇ ಎಂದ. ಅವಳಿಗೆ ಸಮಾಧಾನ ಹೇಳಲು ನಾಲಿಗೆ ಆಡಲಿಲ್ಲ. ಉಗುಳು ನುಂಗಿದರೆ ಗಾಜಿನ ಚೂರು ನುಂಗಿದಂತಾಗುತ್ತಿತ್ತು. ಪಕ್ಕದ ಮಂಚದ ಹೆಂಗಸು ಮೂರನೆಯ ದಿನ ತೀರಿಹೋದಳು, ಹಾಸಿಗೆ ಮಡಚಿಟ್ಟರು, ಸಂಜೆಗೆ ಇನ್ನೊಬ್ಬರು ಬಂದರು. ಜ್ವರ ಏರಿ ಇಳಿದು ಏರುತ್ತಿತ್ತು. ಇಷ್ಟರಲ್ಲೂ ಕೈ ಮಾತ್ರ ನೋಯುತ್ತಿರಲಿಲ್ಲ. ಬೆರಳುಗಳು ಹದಿನೆಂಟು ವರ್ಷದ ಹುಡುಗಿಯ ಬೆರಳಿನಂತೆ ಹಗುರ. ಅವುಗಳಿಂದ ಕೂದಲು ಸರಿಮಾಡಲು ಹೋದಳು. ಜಡೆಯ ಅರ್ಧ ಕೈಯಲ್ಲೇ ಬಂತು. ಅದನ್ನು ನೋಡಿ ಮೊದಲ ಸಲ ಅತ್ತಳು, ಸಪ್ಪಳವಿಲ್ಲದೆ.

ಆರನೆಯ ದಿನ ಜ್ವರ ಬಿಟ್ಟಿತು. ಎಂಟನೆಯ ದಿನ ಒಂದು ಚಮಚ ಹಾಲು ಒಳಗೆ ಇಳಿಯಿತು. ರಕ್ತ ಏರುತ್ತಿದೆ ಎಂದರು. ಹದಿಮೂರನೆಯ ದಿನ, ಸಣ್ಣ ಕೂಸಿನಂತೆ ಹಗುರಾಗಿದ್ದ ಅವಳನ್ನು ಹುಲಗಪ್ಪ ಊರಿಗೆ ಕರೆತಂದ.

ಬದುಕಿದಳು ಎಂದು ಊರವರು ಬಂದು ನೋಡಿ ಹೋದರು. ಮರಿಲಿಂಗಮ್ಮ ಮಾತ್ರ ಕಾಯುತ್ತಿದ್ದಳು. ಏನನ್ನು ಎಂದು ಯಾರಿಗೂ ಹೇಳಲಿಲ್ಲ. ಗುಳಿಗೆ ಇಲ್ಲದ ಐದನೆಯ ವಾರ ಅದು ಬಂತು. ಬೆಳಗ್ಗೆ ಎದ್ದಾಗ ಬಲ ಮಣಿಕಟ್ಟು ಬೆಚ್ಚಗಿತ್ತು, ಮಧ್ಯಾಹ್ನಕ್ಕೆ ಊದಿತು. ಮರುದಿನ ಎಡಗೈ. ಹತ್ತು ದಿನದಲ್ಲಿ ಚೊಂಬು ಮತ್ತೆ ಕೈಯಿಂದ ಜಾರಿತು.

ಶಹಾಪುರದ ಡಾಕ್ಟರು ಬೈಯಲಿಲ್ಲ. ಕಲಬುರಗಿಯ ಕಾಗದಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. "ತಪ್ಪು ನಂದೂ ಐತಿ. ನೀವು ಪಾಳಿ ಅಂದ್ರಿ, ನಾ ಹೂಂ ಅಂದೆ. ಬುಧವಾರ ಅನ್ನಬೇಕಿತ್ತು," ಎಂದರು. ಆಮೇಲೆ ಹೇಳಿದರು, "ಮತ್ತ ಅದೇ ಗುಳಿಗಿ ಚಾಲೂ ಮಾಡಬೇಕಮ್ಮಾ. ಎರಡೇ ಎರಡು, ಶುಕ್ರವಾರಕ್ಕ ಒಮ್ಮೆ."

"ಅದೇ ಗುಳಿಗಿ?" ಎಂದಳು ಮರಿಲಿಂಗಮ್ಮ.

"ಅದೇ. ಸರಿಯಾಗಿ ತಗೊಂಡ್ರ ಅದು ನಿಮ್ಮ ಕೈ ಉಳಸತೈತಿ. ಹದಿನೈದು ದಿನಕ್ಕೊಮ್ಮಿ ರಕ್ತ ತೋರಸ್ರಿ. ಬಾಯಾಗ ಏನರ ಕಂಡ್ರ ಗುಳಿಗಿ ಮುಟ್ಟೂ ಮೊದಲ ನನಗ ಫೋನ್ ಹಚ್ಚರಿ."

ಗುಳಿಗೆಯ ಪೊಟ್ಟಣವನ್ನು ಅವಳು ಮನೆಗೆ ಒಯ್ಯಲಿಲ್ಲ. ಮನೆಯ ಮಾಡದಲ್ಲಿ ಅದು ಇದ್ದರೆ ತನಗೆ ನಿದ್ದೆ ಬರುವುದಿಲ್ಲ ಎಂದು ಮಕ್ತುಂಬಿಗೆ ಕೊಟ್ಟಳು. ಮಕ್ತುಂಬಿ ಟ್ರಂಕಿನೊಳಗೆ ಬೀಗ ಹಾಕಿಟ್ಟಳು. ಶುಕ್ರವಾರ ಮಧ್ಯಾಹ್ನ ಅವಳ ನಮಾಜು ಮುಗಿದ ಮೇಲೆ ಮರಿಲಿಂಗಮ್ಮ ಅಲ್ಲಿಗೆ ಹೋಗಿ, ಬಾಗಿಲ ಬೆಳಕಿನಲ್ಲಿ ಬಾಯಿ ತೋರಿಸಿ, ಎರಡು ಗುಳಿಗೆ ನುಂಗಿ ಬರಬೇಕು. ಮೂರು ಶುಕ್ರವಾರ ಹೀಗೆ ಆಯಿತು. ಮೂರೂ ಸಲ ನುಂಗುವಾಗ ಅವಳು ಕಣ್ಣು ಮುಚ್ಚಿದ್ದಳು.

ನಾಲ್ಕನೆಯ ಶುಕ್ರವಾರ ನೋವು ಬಹಳವಿತ್ತು. ಹಿಂದಿನ ದಿನ ನೀರು ಕಾಯಿಸಿ ಕೈ ಅದ್ದಿಕೊಂಡು ಕೂತಿದ್ದಳು. ಮಕ್ತುಂಬಿ ಆಗಲೇ ಎರಡು ಗುಳಿಗೆ ಅಂಗೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಚೊಂಬು ಹಿಡಿದು ನಿಂತಿದ್ದಳು.

"ತಗೋ, ಬಾಯಿ ತೆಗಿ, ನೋಡೂಣು."

ಮರಿಲಿಂಗಮ್ಮ ಬಾಯಿ ತೆರೆಯಲಿಲ್ಲ. "ನಾಲಿಗಿ ತುದಿಗೆ ನಿನ್ನಿಯಿಂದ ಉರಿಯಾಕತ್ತೈತಿ, ಮಕ್ತುಂಬಿ," ಎಂದಳು. "ಬಿಸಿ ರೊಟ್ಟಿ ಸುಟ್ಟಿರಬೇಕು ಅನಕೊಂಡಿದ್ದೆ. ರೊಟ್ಟಿ ಅಲ್ಲ ಅನಸ್ತೈತಿ."

ಮಕ್ತುಂಬಿ ಚೊಂಬು ಕೆಳಗಿಟ್ಟಳು. ಗುಳಿಗೆಗಳನ್ನು ಒಂದೊಂದಾಗಿ ಪೊಟ್ಟಣಕ್ಕೆ ಹಾಕಿ, ಟ್ರಂಕಿನ ಬೀಗ ತಿರುವಿ, ಫೋನು ತಂದು ಶಹಾಪುರದ ನಂಬರು ಒತ್ತಿ ಕಿವಿಗೆ ಹಿಡಿದಳು.

"ಅವರು ಬ್ಯಾಡ ಅಂದ್ರ?" ಎಂದಳು ಮರಿಲಿಂಗಮ್ಮ.

"ಬ್ಯಾಡ ಅಂದ್ರ ಬ್ಯಾಡ."

"ಕೈ?"

ಮಕ್ತುಂಬಿ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿದಳು. ಆಚೆ ಕಡೆ ಗಂಟೆ ಹೊಡೆಯುತ್ತಿತ್ತು. ಮರಿಲಿಂಗಮ್ಮ ಊದಿದ ಮಣಿಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು, ಯಾರಾದರೂ ಫೋನು ಎತ್ತುವುದನ್ನೇ ಕಾಯುತ್ತ ಕೂತಳು.